ಶಾಲೆಯ ಲ್ಯಾಬ್‌ಗೆ ಮೈಕ್ರೋಸಾಫ್ಟ್ ಡಿಫೆಂಡರ್ ಸಾಕೇ? ಅಪ್‌ಡೇಟ್ ಹೊತ್ತಲ್ಲಿ ನೆಟ್ ಕೈಕೊಡುವ ವಿಚಾರ ಹಿಡಿದು ಒಂದು ವಿಮರ್ಶೆ

ಆಂಟಿವೈರಸ್ ವಿಮರ್ಶೆ ಎಂದಾಗ ಎಷ್ಟು ವೈರಸ್ ಹಿಡಿಯಿತು, ಎಷ್ಟು ಬಿಟ್ಟಿತು ಎಂಬ ಲೆಕ್ಕವೇ ಮೊದಲು ಬರುತ್ತದೆ. ಶಾಲೆಯ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವರ ತಲೆನೋವೇ ಬೇರೆ. ಪಾಠ ಅರ್ಧಕ್ಕೆ ಬಂದಿರುತ್ತದೆ. ಮೂಲೆಯಿಂದ ‘ಟೀಚರ್, ನೆಟ್ ಹೋಯ್ತು’ ಎಂದು ಒಂದು ಕೂಗು, ಅದರ ಬೆನ್ನಿಗೇ ಇನ್ನು ನಾಲ್ಕು. ಪರದೆಯ ಕೆಳಗೆ ನೋಡಿದರೆ ಆಂಟಿವೈರಸ್ ಅಪ್‌ಡೇಟ್ ಆಗುತ್ತಿದೆ ಎಂಬ ಸೂಚನೆ. ಅಪ್‌ಡೇಟ್ ಮುಗಿದ ಮೇಲೆ ಕೆಲವು ಕಂಪ್ಯೂಟರ್‌ಗಳಿಗೆ ನೆಟ್ ತಾನಾಗಿ ಮರಳುತ್ತದೆ, ಕೆಲವಕ್ಕೆ ರೀಸ್ಟಾರ್ಟ್ ಬೇಕು, ಒಂದೆರಡು ಮಾತ್ರ ಏನು ಮಾಡಿದರೂ ಏಳುವುದಿಲ್ಲ. ಈ ವಿಮರ್ಶೆಗೆ ಇರುವುದು ಅದೊಂದೇ ಅಳತೆಗೋಲು. ವಿಂಡೋಸ್ ಜತೆಗೇ ಬರುವ ಮೈಕ್ರೋಸಾಫ್ಟ್ ಡಿಫೆಂಡರ್, ಇಪ್ಪತ್ತು ಮೂವತ್ತು ಕಂಪ್ಯೂಟರ್ ಇರುವ ಲ್ಯಾಬ್‌ನಲ್ಲಿ, ಅಪ್‌ಡೇಟ್ ಹೊತ್ತಿನಲ್ಲಿ ನೆಟ್‌ವರ್ಕ್ ಜತೆ ಹೇಗೆ ನಡೆದುಕೊಳ್ಳುತ್ತದೆ?

ತೀರ್ಪನ್ನು ಮೊದಲೇ ಹೇಳಿಬಿಡೋಣ. ನೆಟ್‌ವರ್ಕ್ ಕಾರ್ಡಿಗೆ ಕೈಹಾಕುವ ವಿಷಯದಲ್ಲಿ ಡಿಫೆಂಡರ್ ತೀರಾ ಸಾಧು, ಆ ಕಾರಣಕ್ಕೇ ಲ್ಯಾಬ್‌ಗೆ ಒಪ್ಪುತ್ತದೆ. ಲೈನನ್ನು ತುಂಬಿಸುವ ವಿಷಯದಲ್ಲಿ ಮಾತ್ರ ಅದರ ಡೀಫಾಲ್ಟ್ ಸೆಟ್ಟಿಂಗ್ ಮನೆಯ ಒಂದು ಕಂಪ್ಯೂಟರ್ ಲೆಕ್ಕದ್ದು. ಮೂವತ್ತಕ್ಕೆ ಹೊಂದಬೇಕಾದರೆ ಒಂದು ಮಧ್ಯಾಹ್ನ ಕೂತು ತಿದ್ದಬೇಕು. ಹಾಗೆ ತಿದ್ದಲು ಸರಿಯಾದ ಬಟನ್‌ಗಳನ್ನು ಮೈಕ್ರೋಸಾಫ್ಟ್ ಕಣ್ಣಿಗೆ ಬೀಳುವ ಕಡೆ ಇಟ್ಟಿಲ್ಲ, ಅದೇ ದೊಡ್ಡ ದೂರು.

ಹೋದದ್ದು ಯಾವುದು ಎಂದು ಮೊದಲು ನೋಡಿ

ಆಂಟಿವೈರಸ್ ಮೇಲೆ ಗೂಬೆ ಕೂರಿಸುವ ಮುಂಚೆ ಐದು ನಿಮಿಷದ ಒಂದು ಪರೀಕ್ಷೆ ಇದೆ. ಕೆಟ್ಟ ಕಂಪ್ಯೂಟರ್ ಒಂದರಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. (ಆಜ್ಞೆಗಳನ್ನು ಇಲ್ಲಿ ಓದುವ ಅನುಕೂಲಕ್ಕೆ ಕನ್ನಡ ಅಕ್ಷರದಲ್ಲಿ ಬರೆದಿದೆ, ಟೈಪ್ ಮಾಡುವುದು ಇಂಗ್ಲಿಷಿನಲ್ಲೇ.) ‘ಐಪಿಕಾನ್ಫಿಗ್’ ಕೊಟ್ಟು ವಿಳಾಸ ನೋಡಿ. ಅದು 169.254 ಎಂದು ಶುರುವಾಗಿದ್ದರೆ ಕಂಪ್ಯೂಟರಿಗೆ ರೂಟರ್‌ನಿಂದ ವಿಳಾಸವೇ ಸಿಕ್ಕಿಲ್ಲ. ಕೇಬಲ್, ಸ್ವಿಚ್, ಇಲ್ಲವೇ ಕಾರ್ಡಿನ ಮೇಲೆ ಕೂತ ಯಾವುದೋ ಫಿಲ್ಟರ್ (ಬಂದುಹೋಗುವುದನ್ನು ಸೋಸುವ ಪ್ರೋಗ್ರಾಂ) ಅಡ್ಡ ಬಂದಿದೆ. ವಿಳಾಸ ಸರಿ ಇದ್ದರೆ ಗೇಟ್‌ವೇಗೆ, ಅಂದರೆ ರೂಟರ್‌ಗೆ, ಪಿಂಗ್ ಮಾಡಿ (ಉತ್ತರ ಬರುತ್ತದೆಯೇ ಎಂದು ನೋಡುವ ಆಜ್ಞೆ ಅದು), ಆಮೇಲೆ ಹೊರಗಿನ ಗೂಗಲ್ ಸರ್ವರ್ ಆದ 8.8.8.8ಕ್ಕೆ ಮಾಡಿ, ಕೊನೆಗೆ ‘ಎನ್‌ಎಸ್‌ಲುಕಪ್’ ಕೊಟ್ಟು ಒಂದು ವೆಬ್‌ಸೈಟ್ ಹೆಸರು ಕೇಳಿ.

ಗೇಟ್‌ವೇ ಉತ್ತರ ಕೊಟ್ಟು 8.8.8.8 ಕೊಡದಿದ್ದರೆ ತೊಂದರೆ ಲ್ಯಾಬಿನಾಚೆ. ಎರಡೂ ಉತ್ತರ ಕೊಟ್ಟು ಹೆಸರು ಮಾತ್ರ ಸಿಗದಿದ್ದರೆ ತೊಂದರೆ ಡಿಎನ್‌ಎಸ್‌ನದು, ಅಂದರೆ ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡುವ ಸೇವೆಯದು. ಎಲ್ಲವೂ ಸರಿ ಇದ್ದು ಬ್ರೌಸರ್ ಒಂದೇ ಮುಷ್ಕರ ಹೂಡಿದ್ದರೆ ಪ್ರಾಕ್ಸಿ (ನಡುವೆ ನಿಂತು ಪುಟ ತರಿಸಿಕೊಡುವ ಪ್ರೋಗ್ರಾಂ), ಸರ್ಟಿಫಿಕೇಟ್ (ಸೈಟಿನ ಗುರುತಿನ ಪತ್ರ) ಅಥವಾ ಆಂಟಿವೈರಸ್‌ನ ವೆಬ್ ಶೀಲ್ಡ್. ಎಲ್ಲದಕ್ಕೂ ಉತ್ತರ ಬರುತ್ತಿದೆ, ಆದರೆ ಇಪ್ಪತ್ತು ಮಿಲಿಸೆಕೆಂಡಿನ ಜಾಗದಲ್ಲಿ ಸಾವಿರ ದಾಟಿದೆ, ನಡುನಡುವೆ ಟೈಮ್‌ಔಟ್ ಕಾಣುತ್ತಿದೆ ಎಂದಾದರೆ ಏನೂ ಕೆಟ್ಟಿಲ್ಲ, ಲೈನ್ ತುಂಬಿ ತುಳುಕುತ್ತಿದೆ.

ಇನ್ನೊಂದು ಸಂಗತಿಯನ್ನು ಬಹಳ ಜನ ತಪ್ಪಾಗಿ ಓದುತ್ತಾರೆ. ಪಿಂಗ್ ಎಲ್ಲಾ ಚೊಕ್ಕ, ಬ್ರೌಸರ್ ಮಾತ್ರ ಬಿಳಿ ಪುಟ ತೋರಿಸಿ ನಿಂತಿದೆ, ಮೌಸ್ ಕೂಡ ತಡವರಿಸುತ್ತಿದೆ. ಟಾಸ್ಕ್ ಮ್ಯಾನೇಜರ್ ತೆರೆದರೆ ಡಿಸ್ಕ್ ಕಾಲಂ 100 ಶೇಕಡಾ, ಮೇಲುಗಡೆ ‘ಆಂಟಿಮಾಲ್ವೇರ್ ಸರ್ವಿಸ್ ಎಕ್ಸಿಕ್ಯೂಟಬಲ್’. ಹಳೆಯ ಹಾರ್ಡ್ ಡಿಸ್ಕ್, 4 ಜಿಬಿ ರ್‍ಯಾಮ್ ಇರುವ ಕಂಪ್ಯೂಟರ್‌ಗಳಲ್ಲಿ ಅಪ್‌ಡೇಟ್ ಬಿಚ್ಚಿಕೊಳ್ಳುವಾಗ, ಅದರ ಹಿಂದೆಯೇ ಸ್ಕ್ಯಾನ್ ಓಡುವಾಗ ಕಾಣುವ ದೃಶ್ಯ ಇದು. ಮಕ್ಕಳ ಕಣ್ಣಿಗೆ ಇದೂ ‘ನೆಟ್ ಹೋಯ್ತು’. ರೂಟರನ್ನು ಎಷ್ಟು ಸಲ ಆಫ್ ಆನ್ ಮಾಡಿದರೂ ಇದಕ್ಕೆ ಮದ್ದಲ್ಲ.

ಕಾರ್ಡಿನ ಮೇಲೆ ಕೂರುವವರು

ಹೊರಗಿನ ಆಂಟಿವೈರಸ್‌ಗಳಲ್ಲಿ ಹಲವು ‘ಇಂಟರ್ನೆಟ್ ಸೆಕ್ಯುರಿಟಿ’ ಎಂಬ ಹೆಸರಲ್ಲಿ ಬರುತ್ತವೆ. ಆ ಹೆಸರಿನ ಹಿಂದೆ ಮೂರು ಬಿಡಿಭಾಗ ಇರುತ್ತವೆ. ಮೊದಲನೆಯದು ನೆಟ್‌ವರ್ಕ್ ಅಡಾಪ್ಟರ್‌ಗೆ ಅಂಟಿಕೊಳ್ಳುವ ಫಿಲ್ಟರ್ ಡ್ರೈವರ್. ಎರಡನೆಯದು ಸ್ವಂತ ಫೈರ್‌ವಾಲ್. ಮೂರನೆಯದು ಎಚ್‌ಟಿಟಿಪಿಎಸ್ (ಗುಪ್ತಲಿಪಿಯ ವೆಬ್ ಸಂಪರ್ಕ) ಒಳಗೆ ಇಣುಕುವ ವೆಬ್ ಶೀಲ್ಡ್. ಸಿಗ್ನೇಚರ್ (ವೈರಸ್‌ಗಳ ಗುರುತಿನ ಪಟ್ಟಿ) ಮಾತ್ರ ಬಂದರೆ ಈ ಮೂರೂ ಅಲುಗಾಡುವುದಿಲ್ಲ. ತೊಂದರೆ ಆಗುವುದು ಪ್ರೋಗ್ರಾಂ ಅಪ್‌ಡೇಟ್ ಬಂದಾಗ. ಹಳೆಯ ಫಿಲ್ಟರ್ ಕಿತ್ತು ಹೊಸತು ಕೂರಿಸುವಾಗ ಅಡಾಪ್ಟರ್ ಒಂದು ಕ್ಷಣ ಬಿಟ್ಟು ಮತ್ತೆ ಸೇರುತ್ತದೆ, ಹತ್ತು ಹದಿನೈದು ಸೆಕೆಂಡು ನೆಟ್ ಇಲ್ಲ. ಇದು ಸಹಜ, ಸಹಿಸಬಹುದು. ಹಳೆಯದು ಕಿತ್ತಾಗಿ ಹೊಸತು ಕೂರುವ ಮುಂಚೆ ಯಾರಾದರೂ ಪವರ್ ಬಟನ್ ಒತ್ತಿದರೆ ಮಾತ್ರ ಕಷ್ಟ. ಪಿರಿಯಡ್ ಮುಗಿದ ಗಂಟೆ ಹೊಡೆದಾಗ ಮಕ್ಕಳು ಮಾಡುವುದು ಅದನ್ನೇ.

ಹೀಗೆ ಅರ್ಧಕ್ಕೆ ನಿಂತ ಕಂಪ್ಯೂಟರಿನಲ್ಲಿ ಅಡಾಪ್ಟರ್‌ನ ಪ್ರಾಪರ್ಟೀಸ್ ತೆರೆದು ನೋಡಿ. ಟಿಸಿಪಿ/ಐಪಿ, ಫೈಲ್ ಶೇರಿಂಗ್ ಎಂಬ ಸಾಲುಗಳ ನಡುವೆ ಆಂಟಿವೈರಸ್ ಕಂಪನಿಯ ಹೆಸರಿನ ‘ಫಿಲ್ಟರ್’ ಎಂಬ ಸಾಲೊಂದು ಟಿಕ್ ಸಮೇತ ಕೂತಿರುತ್ತದೆ. ಆ ಟಿಕ್ ತೆಗೆದು ಓಕೆ ಕೊಟ್ಟ ಕೂಡಲೇ ನೆಟ್ ಬಂದರೆ ಕಳ್ಳ ಸಿಕ್ಕಂತೆ. ಆಮೇಲೆ ಆ ಆಂಟಿವೈರಸನ್ನು ಪೂರ್ತಿ ತೆಗೆದು ಮತ್ತೆ ಹಾಕಬೇಕು, ಟಿಕ್ ತೆಗೆದಷ್ಟಕ್ಕೇ ಬಿಟ್ಟರೆ ಮುಂದಿನ ಅಪ್‌ಡೇಟ್‌ಗೆ ಅದು ಮತ್ತೆ ಬಂದು ಕೂರುತ್ತದೆ.

ವೆಬ್ ಶೀಲ್ಡ್ ಕೆಟ್ಟಾಗ ಗುರುತು ಬೇರೆ. ಬ್ರೌಸರ್‌ನಲ್ಲಿ ವಿಳಾಸದ ಎಡಕ್ಕಿರುವ ಚಿತ್ರ ಒತ್ತಿ ಸರ್ಟಿಫಿಕೇಟ್ ತೆರೆಯಿರಿ. ‘ನೀಡಿದವರು’ ಎಂಬ ಕಡೆ ಆಂಟಿವೈರಸ್ ಕಂಪನಿಯ ಹೆಸರಿದ್ದರೆ ಪ್ರತಿ ಪುಟವನ್ನೂ ಅದೇ ಬಿಚ್ಚಿ ಮತ್ತೆ ಕಟ್ಟಿ ಕೊಡುತ್ತಿದೆ ಎಂದರ್ಥ. ಅಪ್‌ಡೇಟ್ ಹೊತ್ತಿನಲ್ಲಿ ಆ ಸರ್ಟಿಫಿಕೇಟ್ ಬದಲಾಗಿ, ಹೊಸದು ವಿಂಡೋಸ್‌ನ ನಂಬಿಕೆಯ ಪಟ್ಟಿಗೆ ಸೇರದೆ ಹೋದರೆ ಒಂದೊಂದು ಸೈಟೂ ‘ಸುರಕ್ಷಿತವಲ್ಲ’ ಎನ್ನುತ್ತದೆ. ಅದೇ ಕಂಪ್ಯೂಟರಿನ ಸೆಟ್ಟಿಂಗ್ಸ್‌ನಲ್ಲಿ ಪ್ರಾಕ್ಸಿ ಪುಟ ನೋಡಿ, 127.0.0.1 ಎಂದು ಇದ್ದರೆ ಬ್ರೌಸರ್ ಮಾತಾಡುತ್ತಿರುವುದು ಅದೇ ಕಂಪ್ಯೂಟರಿನೊಳಗಿನ ಒಂದು ಪ್ರೋಗ್ರಾಂ ಜತೆಗೆ. ಆ ಪ್ರೋಗ್ರಾಂ ಅಪ್‌ಡೇಟ್‌ಗೆಂದು ನಿಂತು ಮತ್ತೆ ಏಳದಿದ್ದರೆ ಪಿಂಗ್ ಹೋಗುತ್ತದೆ, ಪುಟ ಬರುವುದಿಲ್ಲ.

ಡಿಫೆಂಡರ್ ಗೆಲ್ಲುವುದು ಇಲ್ಲಿ. ಅದು ಎಚ್‌ಟಿಟಿಪಿಎಸ್ ಬಿಚ್ಚಿ ಕಟ್ಟುವ ಸ್ವಂತ ಸರ್ಟಿಫಿಕೇಟ್ ಹಾಕುವುದಿಲ್ಲ, ಬ್ರೌಸರ್‌ಗೆ ಲೋಕಲ್ ಪ್ರಾಕ್ಸಿ ತೂರಿಸುವುದಿಲ್ಲ. ಫೈರ್‌ವಾಲ್ ವಿಂಡೋಸ್‌ನದ್ದೇ, ಆಂಟಿವೈರಸ್ ಅಪ್‌ಡೇಟ್ ಅದನ್ನು ಕಿತ್ತು ಹಾಕುವುದಿಲ್ಲ. ಮೂರು ಬಗೆಯ ಅಪ್‌ಡೇಟ್ ಇದಕ್ಕೆ ಬರುತ್ತವೆ. ದಿನಕ್ಕೆ ಹಲವು ಬಾರಿ ಬಿಡುಗಡೆಯಾಗುವ ಸಿಗ್ನೇಚರ್ (ವಿಂಡೋಸ್ ಅಪ್‌ಡೇಟ್ ಪಟ್ಟಿಯಲ್ಲಿ ಕೆಬಿ2267602), ಸುಮಾರಾಗಿ ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡುವ ಎಂಜಿನ್, ಹಾಗೆಯೇ ತಿಂಗಳಿಗೊಮ್ಮೆ ಡಿಫೆಂಡರ್ ಪ್ರೋಗ್ರಾಂ ಆದ ಪ್ಲಾಟ್‌ಫಾರಂ (ಕೆಬಿ4052623). ಪ್ಲಾಟ್‌ಫಾರಂ ಬಂದಾಗ ಹಳೆಯದರ ಮೇಲೆ ಬರೆಯದೆ ಪ್ರೋಗ್ರಾಂಡೇಟಾ ಫೋಲ್ಡರಿನಲ್ಲಿ 4.18 ಎಂದು ಶುರುವಾಗುವ ಹೊಸ ಫೋಲ್ಡರ್ ಮಾಡಿ ಅಲ್ಲಿಂದ ಓಡುತ್ತದೆ. ಹಳೆಯದು ಪಕ್ಕದಲ್ಲೇ ಇರುವುದರಿಂದ ಹಿಂದಿರುಗುವ ದಾರಿಯೂ ಉಳಿಯುತ್ತದೆ. ಈ ವ್ಯವಸ್ಥೆಗೆ ಪೂರ್ಣ ಅಂಕ ಕೊಡಬೇಕು.

ಹಾಗೆಂದು ಯಾವ ಆಂಟಿವೈರಸ್‌ಗೂ ಕಣ್ಣುಮುಚ್ಚಿ ಶರಣಾಗುವ ಹಾಗಿಲ್ಲ. 2010ರ ಏಪ್ರಿಲ್ 21ರಂದು ಮ್ಯಾಕಫಿಯ 5958 ಸಂಖ್ಯೆಯ ಸಿಗ್ನೇಚರ್ ಕಡತ ವಿಂಡೋಸ್ ಎಕ್ಸ್‌ಪಿ ಸರ್ವಿಸ್ ಪ್ಯಾಕ್ 3ರ ‘ಎಸ್‌ವಿಸಿಹೋಸ್ಟ್’ ಎಂಬ ವ್ಯವಸ್ಥೆಯ ಕಡತವನ್ನೇ ವೈರಸ್ ಎಂದು ಹಿಡಿದು, ಕಂಪ್ಯೂಟರ್‌ಗಳು ಮತ್ತೆ ಮತ್ತೆ ರೀಸ್ಟಾರ್ಟ್ ಆಗಿ ನೆಟ್‌ವರ್ಕ್ ಕಳಕೊಂಡವು. 2018ರ ಜನವರಿ 27ರಂದು ಮಾಲ್ವೇರ್‌ಬೈಟ್ಸ್‌ನ ಒಂದು ಅಪ್‌ಡೇಟ್ ವೆಬ್ ರಕ್ಷಣೆಯ ಭಾಗವನ್ನು ಕೆಡಿಸಿ, ರ್‍ಯಾಮ್ ನುಂಗಿ, ಜಾಲತಾಣಗಳಿಗೆ ಬಾಗಿಲು ಮುಚ್ಚಿತು. ಡಿಫೆಂಡರ್ ಕೂಡ ಮಡಿ ಅಲ್ಲ: 2023ರ ಜನವರಿ 13ರಂದು ಅದರ ಒಂದು ಸಿಗ್ನೇಚರ್ ಅಪ್‌ಡೇಟ್, ಅಟ್ಯಾಕ್ ಸರ್ಫೇಸ್ ನಿಯಮ (ದಾಳಿಗೆ ದಾರಿಯಾಗುವ ನಡವಳಿಕೆ ತಡೆಯುವ ಸೆಟ್ಟಿಂಗ್) ಹಾಕಿದ್ದ ಕಂಪ್ಯೂಟರ್‌ಗಳಲ್ಲಿ ಸ್ಟಾರ್ಟ್ ಮೆನುವಿನ ಶಾರ್ಟ್‌ಕಟ್‌ಗಳನ್ನು ಅಳಿಸಿಹಾಕಿತು. ನೆಟ್ ಹೋಗಲಿಲ್ಲ, ಆದರೆ ಬ್ರೌಸರ್ ಐಕಾನೇ ಇಲ್ಲದಿದ್ದರೆ ನೆಟ್ ಇದ್ದೇನು ಬಂತು.

ಲೈನ್ ತುಂಬುವ ಲೆಕ್ಕ

ಡಿಫೆಂಡರ್‌ನ ನಿಜವಾದ ಪೇಚು ಇದು. ದಿನವೂ ಆನ್ ಆಗುವ ಕಂಪ್ಯೂಟರ್ ಹಳೆ ಸಿಗ್ನೇಚರ್‌ಗೂ ಹೊಸದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ತರಿಸಿಕೊಳ್ಳುತ್ತದೆ, ಕೆಲವೇ ಎಂಬಿ. ಬಹಳ ದಿನ ಮುಚ್ಚಿದ್ದ ಕಂಪ್ಯೂಟರ್ ಪೂರ್ತಿ ಪೊಟ್ಟಣವನ್ನೇ ಕೇಳುತ್ತದೆ, ಅದು ನೂರು ಎಂಬಿ ದಾಟುತ್ತದೆ. ಲೆಕ್ಕಕ್ಕೆ 150 ಎಂದಿಟ್ಟುಕೊಳ್ಳಿ. ಮೂವತ್ತು ಕಂಪ್ಯೂಟರ್‌ಗೆ 4500 ಎಂಬಿ, ಅಂದರೆ 36000 ಮೆಗಾಬಿಟ್. 20 ಎಂಬಿಪಿಎಸ್ ಲೈನಿನಲ್ಲಿ ಬೇರೇನೂ ಓಡದೆ ಇದ್ದರೂ ಅದಕ್ಕೆ 1800 ಸೆಕೆಂಡು, ಅರ್ಧ ಗಂಟೆ. ಒಂದು ಪಿರಿಯಡ್‌ನ ಬಹುಪಾಲು ಮುಗಿಯಿತು. ಅದೇ ಮೂವತ್ತು ಕಂಪ್ಯೂಟರ್ ತಲಾ 2 ಎಂಬಿ ತರಿಸಿದರೆ 24 ಸೆಕೆಂಡಿನ ಕೆಲಸ, ಯಾರಿಗೂ ಗೊತ್ತೇ ಆಗುವುದಿಲ್ಲ. ಒಂದೇ ಲ್ಯಾಬ್ ಕೆಲವು ದಿನ ಸುಸೂತ್ರ, ರಜೆ ಮುಗಿದ ಮೊದಲ ದಿನ ಗೋಳು ಎಂಬುದರ ಗುಟ್ಟು ಇಷ್ಟೇ.

ಸಿಗ್ನೇಚರ್ ತರಿಸುವ ಡೀಫಾಲ್ಟ್ ಹೊತ್ತು ಬೆಳಗಿನ ಜಾವ 1:45. ಆಗ ಶಾಲೆಯ ಮೇನ್ ಸ್ವಿಚ್ಚೇ ಆಫ್. ಒಂದು ದಿನ ತಪ್ಪಿದರೆ ‘ಹಿಂದುಳಿದದ್ದನ್ನು ತುಂಬಿಕೋ’ ಎಂಬ ನಿಯಮ ಬೇರೆ ಇದೆ, ಹಾಗಾಗಿ ಮೊದಲ ಪಿರಿಯಡ್‌ಗೆ ಎಲ್ಲವನ್ನೂ ಒಟ್ಟಿಗೆ ಆನ್ ಮಾಡಿದಾಗ ಎಲ್ಲವೂ ಒಟ್ಟಿಗೆ ಬಾಯಿ ತೆರೆಯುತ್ತವೆ.

ತಿದ್ದಲು ಪವರ್‌ಶೆಲ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ‘ಗೆಟ್-ಎಂಪಿಕಂಪ್ಯೂಟರ್‌ಸ್ಟೇಟಸ್’ ಕೊಟ್ಟರೆ ಉದ್ದ ಪಟ್ಟಿ ಬರುತ್ತದೆ. ಅದರಲ್ಲಿ ‘ಆಂಟಿವೈರಸ್‌ಸಿಗ್ನೇಚರ್‌ಏಜ್’ ಎಂಬ ಸಾಲು ಎಷ್ಟು ದಿನ ಹಳೆಯದು ಎಂದು ಹೇಳುತ್ತದೆ, ‘ಎಎಂರನ್ನಿಂಗ್‌ಮೋಡ್’ ಎಂಬ ಸಾಲಿನಲ್ಲಿ ‘ನಾರ್ಮಲ್’ ಇರಬೇಕು. ಆಮೇಲೆ ‘ಸೆಟ್-ಎಂಪಿಪ್ರಿಫರೆನ್ಸ್’ ಆಜ್ಞೆಯಲ್ಲಿ ‘ಸಿಗ್ನೇಚರ್‌ಶೆಡ್ಯೂಲ್‌ಡೇ’ಗೆ 0 ಕೊಡಿ, ಅದು ಪ್ರತಿದಿನ ಎಂದು. ‘ಸಿಗ್ನೇಚರ್‌ಶೆಡ್ಯೂಲ್‌ಟೈಂ’ಗೆ ಲ್ಯಾಬ್ ಆನ್ ಇದ್ದೂ ಪಾಠ ಇಲ್ಲದ ಹೊತ್ತು ಕೊಡಿ, ಊಟದ ಬಿಡುವು ಇದಕ್ಕೆ ಸರಿ. ಇಷ್ಟು ಗಂಟೆಗೊಮ್ಮೆ ನೋಡು ಎನ್ನುವ ‘ಸಿಗ್ನೇಚರ್‌ಅಪ್‌ಡೇಟ್‌ಇಂಟರ್‌ವಲ್’ ಎಂಬ ಇನ್ನೊಂದು ದಾರಿಯೂ ಇದೆ, 1ರಿಂದ 24 ಗಂಟೆ. ದಿನ-ಹೊತ್ತಿನ ಬದಲಿಗೆ ಅದು ಇರುವುದು, ಎರಡನ್ನೂ ಹಾಕಿ ಗೊಂದಲ ಮಾಡಿಕೊಳ್ಳಬೇಡಿ. ಡಿಫೆಂಡರ್ ಕೊಟ್ಟ ಹೊತ್ತಿನಿಂದ ಅತ್ತಿತ್ತ ತಾನೇ ಚದುರಿಸಿಕೊಳ್ಳುವ ಗುಣ ಉಳ್ಳದ್ದು. ಆ ಚದುರುವಿಕೆಯ ಹರವನ್ನು ‘ಶೆಡ್ಯೂಲರ್‌ರ್‍ಯಾಂಡಮೈಸೇಶನ್‌ಟೈಂ’ನಲ್ಲಿ ಗಂಟೆಗಳಲ್ಲಿ ಕೊಡಬಹುದು. ಮೂವತ್ತೂ ಒಂದೇ ನಿಮಿಷಕ್ಕೆ ಎದ್ದೇಳದಿರಲು ಇದು ಬೇಕು, ಆದರೆ ಹರವು ದೊಡ್ಡದಾದರೆ ಊಟದ ಬಿಡುವು ದಾಟಿ ಪಾಠಕ್ಕೇ ನುಗ್ಗುತ್ತದೆ. 1 ಗಂಟೆ ಇಟ್ಟರೆ ಸಾಕು.

ಇಷ್ಟೆಲ್ಲಾ ಮಾಡಿದರೂ ವಿಂಡೋಸ್ ಅಪ್‌ಡೇಟ್ ತನ್ನ ಸುತ್ತಿನಲ್ಲಿ ಸಿಗ್ನೇಚರ್ ಕಂಡರೆ ಅದನ್ನೂ ಎಳೆದುಕೊಂಡು ಬರುತ್ತದೆ. ಇದು ಕಿರಿಕಿರಿ. ಒಂದೇ ಗಂಟೆಗೆ ಬಿಗಿಯಾಗಿ ಕಟ್ಟಿಹಾಕಲು ನೇರ ಸ್ವಿಚ್ ಇಲ್ಲ, ಅದಕ್ಕೆ ವೇಗದ ಮಿತಿಯೂ ಬೇಕು. ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್, ಅಡ್ವಾನ್ಸ್ಡ್ ಆಪ್ಷನ್ಸ್, ಡೆಲಿವರಿ ಆಪ್ಟಿಮೈಸೇಶನ್ ಎಂದು ಒಳಗೆ ಹೋದರೆ ಹಿನ್ನೆಲೆ ಡೌನ್‌ಲೋಡ್‌ಗೂ ಮುನ್ನೆಲೆ ಡೌನ್‌ಲೋಡ್‌ಗೂ ಬೇರೆ ಬೇರೆ ಮಿತಿ ಹಾಕುವ ಜಾಗ ಸಿಗುತ್ತದೆ. ಎಂಬಿಪಿಎಸ್ ಲೆಕ್ಕವನ್ನೇ ಆರಿಸಿ. 20 ಎಂಬಿಪಿಎಸ್ ಲೈನಿಗೆ ಕಂಪ್ಯೂಟರಿಗೆ 0.3 ಇಟ್ಟರೆ ಮೂವತ್ತೂ ಸೇರಿ 9 ಆಗುತ್ತದೆ, ಪಾಠಕ್ಕೆ ಅರ್ಧಕ್ಕಿಂತ ಹೆಚ್ಚು ಉಳಿಯುತ್ತದೆ. ಶೇಕಡಾ ಲೆಕ್ಕ ಇಲ್ಲಿ ಮೋಸ ಮಾಡುತ್ತದೆ: ಒಂದೊಂದು ಕಂಪ್ಯೂಟರ್ ತಾನು ಅಳೆದ ಲೈನಿನ ಶೇಕಡಾ ಹಿಡಿಯುತ್ತದೆಯೇ ಹೊರತು ಪಕ್ಕದಲ್ಲಿ ಇನ್ನು ಇಪ್ಪತ್ತೊಂಬತ್ತು ಇವೆ ಎಂದು ಅದಕ್ಕೆ ತಿಳಿಯದು.

ಅದೇ ಪುಟದಲ್ಲಿ ಲೋಕಲ್ ನೆಟ್‌ವರ್ಕಿನ ಬೇರೆ ಕಂಪ್ಯೂಟರ್‌ಗಳಿಂದ ಹಂಚಿಕೊಳ್ಳುವ ಆಯ್ಕೆ ಇದೆ, ಆನ್ ಮಾಡಿಡಿ. ಅದು 7680 ಪೋರ್ಟ್ ಮೂಲಕ ನಡೆಯುತ್ತದೆ, ಫೈರ್‌ವಾಲ್ ಅದನ್ನು ತಡೆಯಬಾರದು. ಇದರ ಮೇಲೆ ಬಹಳ ಆಸೆ ಇಡಬೇಡಿ. ಡೀಫಾಲ್ಟ್ ಆಗಿ 50 ಎಂಬಿಗಿಂತ ಚಿಕ್ಕ ಕಡತವನ್ನು ಹಂಚಿಕೊಳ್ಳುವುದಿಲ್ಲ, ರ್‍ಯಾಮ್ 4 ಜಿಬಿಗಿಂತ ಕಡಿಮೆ ಇರುವ ಕಂಪ್ಯೂಟರ್ ಹಂಚುವುದಕ್ಕೂ ಬರುವುದಿಲ್ಲ.

ರಜೆ ಮುಗಿದ ದಿನಕ್ಕೆ ಮಾತ್ರ ಪೆನ್‌ಡ್ರೈವ್‌ಗಿಂತ ಒಳ್ಳೆಯ ಸಾಧನ ಇಲ್ಲ. ಮೈಕ್ರೋಸಾಫ್ಟ್‌ನ ಸೆಕ್ಯುರಿಟಿ ಇಂಟೆಲಿಜೆನ್ಸ್ ಪುಟದಿಂದ ‘ಎಂಪ್ಯಾಮ್-ಎಫ್‌ಇ’ ಎಂಬ ಕಡತ ಇಳಿಸಿಕೊಳ್ಳಿ. 32 ಬಿಟ್, 64 ಬಿಟ್, ಆರ್ಮ್ ಎಂದು ಬೇರೆ ಬೇರೆ ಇದೆ, ತಪ್ಪಿದರೆ ಕೂರುವುದಿಲ್ಲ. ಸ್ವಿಚ್ಚಿನಿಂದ ರೂಟರ್‌ಗೆ ಹೋಗುವ ಕೇಬಲ್ ತೆಗೆದು, ಎಲ್ಲಾ ಕಂಪ್ಯೂಟರ್ ಆನ್ ಮಾಡಿ, ಒಂದೊಂದರಲ್ಲೂ ಡಬಲ್ ಕ್ಲಿಕ್ ಮಾಡುತ್ತಾ ಹೋಗಿ. ಡಬಲ್ ಕ್ಲಿಕ್ ಮಾಡಿದಾಗ ಏನೂ ಆಗದ ಹಾಗೆ ಕಾಣುತ್ತದೆ. ಕಿಟಕಿ ತೆರೆಯುವುದಿಲ್ಲ, ‘ಮುಗಿಯಿತು’ ಎನ್ನುವುದಿಲ್ಲ. ಹೊಸಬರು ಮೂರ್ನಾಲ್ಕು ಸಲ ಒತ್ತಿ ಮೂರ್ನಾಲ್ಕು ಪ್ರತಿ ಓಡಿಸಿಬಿಡುತ್ತಾರೆ. ಒಮ್ಮೆ ಒತ್ತಿ, ಕೆಲವು ನಿಮಿಷ ಬಿಟ್ಟು, ವಿಂಡೋಸ್ ಸೆಕ್ಯುರಿಟಿಯಲ್ಲಿ ‘ಕೊನೆಯ ಅಪ್‌ಡೇಟ್’ ದಿನಾಂಕ ನೋಡಿದರೆ ಸಾಕು. ಎಲ್ಲಾ ಮುಗಿದ ಮೇಲೆ ಕೇಬಲ್ ಹಾಕಿ. ಇನ್ನುಳಿಯುವುದು ಚಿಲ್ಲರೆ ಎಂಬಿಗಳು.

ಇದೇ ಕಡತವನ್ನು ಹಂಚಿದ ಫೋಲ್ಡರಿನಲ್ಲಿಟ್ಟು ಡಿಫೆಂಡರ್‌ಗೆ ದಾರಿ ತೋರಿಸುವ ‘ಫೈಲ್ ಶೇರ್’ ವ್ಯವಸ್ಥೆಯೂ ಉಂಟು. ಡೊಮೇನ್ (ಎಲ್ಲಾ ಕಂಪ್ಯೂಟರ್‌ಗಳ ಖಾತೆಯನ್ನು ಒಂದೇ ಸರ್ವರ್ ನೋಡಿಕೊಳ್ಳುವ ಏರ್ಪಾಡು) ಇರುವ ಶಾಲೆಗೆ ಅದು ಚೆನ್ನ. ಅಂಥ ಸರ್ವರ್ ಇಲ್ಲದ ವರ್ಕ್‌ಗ್ರೂಪ್ ಲ್ಯಾಬ್‌ನಲ್ಲಿ ಮಾತ್ರ ಇದು ಸೋಲುತ್ತದೆ, ಏಕೆಂದರೆ ಡಿಫೆಂಡರ್ ಓಡುವುದು ಸಿಸ್ಟಂ ಖಾತೆಯಲ್ಲಿ, ಆ ಖಾತೆಗೆ ಬೇರೆ ಕಂಪ್ಯೂಟರಿನ ಫೋಲ್ಡರ್ ತೆರೆಯಲು ಗುರುತಿನ ಚೀಟಿ ಇರುವುದಿಲ್ಲ.

ಫ್ರೀಝ್ ಹಾಕಿದ ಲ್ಯಾಬ್

ರೀಸ್ಟಾರ್ಟ್ ಆದಾಗಲೆಲ್ಲ ಕಂಪ್ಯೂಟರನ್ನು ಹಳೆಯ ಸ್ಥಿತಿಗೆ ತರುವ ಡೀಪ್ ಫ್ರೀಝ್‌ನಂಥ ಪ್ರೋಗ್ರಾಂ ಹಾಕಿದ್ದರೆ ಈವರೆಗೆ ಹೇಳಿದ ಲೆಕ್ಕ ದಿನವೂ ಮರುಕಳಿಸುತ್ತದೆ. ಜೂನ್ ತಿಂಗಳಲ್ಲಿ ಫ್ರೀಝ್ ಮಾಡಿದ ಕಂಪ್ಯೂಟರ್ ಅಕ್ಟೋಬರ್‌ನಲ್ಲೂ ಪ್ರತಿ ಬೆಳಿಗ್ಗೆ ಜೂನ್‌ನ ಸಿಗ್ನೇಚರ್ ಜತೆ ಏಳುತ್ತದೆ, ಪೂರ್ತಿ ಪೊಟ್ಟಣ ತರಿಸುತ್ತದೆ, ಸಂಜೆ ಎಲ್ಲಾ ಮರೆಯುತ್ತದೆ. ರೂಟರ್ ಬದಲಿಸಿ, ಲೈನ್ ವೇಗ ಏರಿಸಿ, ಏನು ಮಾಡಿದರೂ ತೂತಿನ ಕೊಡಕ್ಕೆ ನೀರು ಹೊಯ್ದಂತೆ. ವಾರಕ್ಕೊಮ್ಮೆ ಫ್ರೀಝ್ ತೆಗೆದು ಅಪ್‌ಡೇಟ್ ಮುಗಿಸಿ ಮತ್ತೆ ಹಾಕುವ ವೇಳಾಪಟ್ಟಿ ಆ ಪ್ರೋಗ್ರಾಂನಲ್ಲೇ ಇರುತ್ತದೆ, ಅದನ್ನು ಬಳಸಿ. ವಿಂಡೋಸ್‌ನ ಎಜುಕೇಶನ್ ಮತ್ತು ಎಂಟರ್‌ಪ್ರೈಸ್ ಆವೃತ್ತಿಗಳಲ್ಲಿರುವ, ಇದೇ ಕೆಲಸ ಮಾಡುವ ಯೂನಿಫೈಡ್ ರೈಟ್ ಫಿಲ್ಟರ್ ಬಳಸುವವರಿಗೆ ಇನ್ನೂ ಚೊಕ್ಕ ದಾರಿ ಇದೆ. ಪ್ರೋಗ್ರಾಂಡೇಟಾದೊಳಗಿನ ಮತ್ತು ಪ್ರೋಗ್ರಾಂ ಫೈಲ್ಸ್‌ನೊಳಗಿನ ‘ವಿಂಡೋಸ್ ಡಿಫೆಂಡರ್’ ಫೋಲ್ಡರ್‌ಗಳನ್ನೂ ರಿಜಿಸ್ಟ್ರಿಯಲ್ಲಿ ಅದೇ ಹೆಸರಿನ ಕೀಯನ್ನೂ ಹೊರತುಪಡಿಸಿದರೆ ಉಳಿದದ್ದೆಲ್ಲ ಹಿಂದಕ್ಕೆ ಹೋದರೂ ಸಿಗ್ನೇಚರ್ ಉಳಿಯುತ್ತದೆ.

ನಾಣ್ಯದಂಥ ಒಂದು ಸೆಲ್

ಹಳೆಯ ಕಂಪ್ಯೂಟರಿನ ಮದರ್‌ಬೋರ್ಡಿನಲ್ಲಿ ಸಿಆರ್2032 ಎಂಬ 3 ವೋಲ್ಟಿನ ದುಂಡು ಸೆಲ್ ಇರುತ್ತದೆ. ಅದು ಸತ್ತರೆ, ಮೇನ್ ಆಫ್ ಮಾಡಿದ ಕೂಡಲೇ ಕಂಪ್ಯೂಟರ್ ತಾರೀಖು ಮರೆತು ಹಲವು ವರ್ಷ ಹಿಂದಕ್ಕೆ ಹೋಗುತ್ತದೆ. ಆ ತಾರೀಖಿನಲ್ಲಿ ಇಂದಿನ ಯಾವ ಸರ್ಟಿಫಿಕೇಟೂ ಇನ್ನೂ ಹುಟ್ಟಿಲ್ಲ. ಎಚ್‌ಟಿಟಿಪಿಎಸ್ ಸೈಟ್ ತೆರೆಯುವುದಿಲ್ಲ, ಡಿಫೆಂಡರ್ ಅಪ್‌ಡೇಟ್ ಸೋಲುತ್ತದೆ, ನೋಡಿದವರು ‘ಆಂಟಿವೈರಸ್ ಅಪ್‌ಡೇಟ್‌ಗೆ ಹೋಗಿ ನೆಟ್ ಕೆಟ್ಟಿತು’ ಎಂದು ತಿರುಗುಮುರುಗಾಗಿ ಓದುತ್ತಾರೆ. ದೋಷದ ಸಂಖ್ಯೆಯ ತುದಿಯಲ್ಲಿ 72ಎಫ್8ಎಫ್ ಇದ್ದರೆ ಮೊದಲು ಗಡಿಯಾರ ನೋಡಿ. ವಿಂಡೋಸ್ ತಾನೇ ಸರಿಮಾಡಿಕೊಳ್ಳುತ್ತದೆ ಎಂದು ಕೂರುವ ಹಾಗಿಲ್ಲ. ಡೊಮೇನ್‌ಗೆ ಸೇರದ ಕಂಪ್ಯೂಟರ್‌ನಲ್ಲಿ 15 ಗಂಟೆಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಸಮಯದ ಸೇವೆ ತಿದ್ದಲು ಒಪ್ಪುವುದಿಲ್ಲ. ಕೈಯಾರೆ ತಾರೀಖು ಹಾಕಿ, ಸೆಲ್ ಬದಲಿಸಿ. ಬದಲಿಸುವಾಗ ಪವರ್ ಕೇಬಲ್ ಕಿತ್ತಿರಲಿ.

ಉಳಿದ ಸಂಖ್ಯೆಗಳೂ ಹೀಗೇ ಸುಳಿವು ಕೊಡುತ್ತವೆ. 72ಇಇ7 ಎಂದರೆ ಹೆಸರು ಹುಡುಕಲಾಗಲಿಲ್ಲ, ಡಿಎನ್‌ಎಸ್ ನೋಡಿ. 72ಇಇ2 ಎಂದರೆ ಕಾದು ಸಾಕಾಯಿತು; ಲೈನ್ ತುಂಬಿದೆ, ಇಲ್ಲವೇ ಶಾಲೆಯ ವೆಬ್ ಫಿಲ್ಟರ್ ಸದ್ದಿಲ್ಲದೆ ಬೀಳಿಸುತ್ತಿದೆ. 70422 ಎಂದರೆ ಯಾರೋ ವಿಂಡೋಸ್ ಅಪ್‌ಡೇಟ್ ಸರ್ವಿಸನ್ನೇ ಡಿಸೇಬಲ್ ಮಾಡಿಟ್ಟಿದ್ದಾರೆ. ‘ನೆಟ್ ಉಳಿಸಲು’ ಇದನ್ನು ಮಾಡುವವರು ಬಹಳ. ತಿಂಗಳುಗಟ್ಟಲೆ ಹಾಗೆ ಬಿಟ್ಟು ಒಂದು ದಿನ ಮತ್ತೆ ಆನ್ ಮಾಡಿದಾಗ ಎಲ್ಲಾ ಸಾಲ ಒಟ್ಟಿಗೆ ವಸೂಲಿಗೆ ಬರುತ್ತದೆ.

ವೆಬ್ ಫಿಲ್ಟರ್ ಅಥವಾ ಪ್ರಾಕ್ಸಿ ಇರುವ ಶಾಲೆಯಲ್ಲಿ ಬ್ರೌಸರ್‌ಗೆ ನೆಟ್ ಇದ್ದೂ ಡಿಫೆಂಡರ್‌ಗೆ ಇಲ್ಲದಿರಬಹುದು. ಬ್ರೌಸರ್ ನೋಡುವುದು ಬಳಕೆದಾರರ ಪ್ರಾಕ್ಸಿ, ಸರ್ವಿಸ್‌ಗಳು ನೋಡುವುದು ವಿನ್‌ಎಚ್‌ಟಿಟಿಪಿ ಪ್ರಾಕ್ಸಿ. ‘ನೆಟ್‌ಶ್ ವಿನ್‌ಎಚ್‌ಟಿಟಿಪಿ ಶೋ ಪ್ರಾಕ್ಸಿ’ ಕೊಟ್ಟರೆ ಎರಡನೆಯದು ಕಾಣುತ್ತದೆ. ಫಿಲ್ಟರ್ ಸಾಧನದಲ್ಲಿ ವಿಂಡೋಸ್‌ಅಪ್‌ಡೇಟ್ ಡಾಟ್ ಕಾಮ್ ಮತ್ತು ಮೈಕ್ರೋಸಾಫ್ಟ್ ಡಾಟ್ ಕಾಮ್‌ನ ಉಪವಿಳಾಸಗಳನ್ನು ಬಿಚ್ಚಿ ನೋಡದೆ ನೇರ ಬಿಡುವಂತೆ ಮಾಡಿಸಿ.

ಏಳದ ಕಂಪ್ಯೂಟರನ್ನು ಎಬ್ಬಿಸುವುದು

ಹೊರಗಿನ ಆಂಟಿವೈರಸ್‌ನಿಂದ ಕೆಟ್ಟ ಕಂಪ್ಯೂಟರನ್ನು ಡಿಫೆಂಡರ್‌ಗೆ ತರುವಾಗ ಕ್ರಮ ಮುಖ್ಯ. ಮೊದಲು ಐಪಿ ವಿಳಾಸ, ಸಬ್‌ನೆಟ್, ಗೇಟ್‌ವೇ, ಡಿಎನ್‌ಎಸ್ ಕಾಗದದ ಮೇಲೆ ಬರೆದಿಡಿ, ಏಕೆಂದರೆ ಕೈಯಾರೆ ಹಾಕಿದ ವಿಳಾಸ ಮುಂದಿನ ಹೆಜ್ಜೆಯಲ್ಲಿ ಅಳಿಸಿಹೋಗುತ್ತದೆ. ಆ ಆಂಟಿವೈರಸ್ ಕಂಪನಿಯದೇ ತೆಗೆಯುವ ಟೂಲನ್ನು ಬೇರೆ ಕಂಪ್ಯೂಟರ್‌ನಿಂದ ಪೆನ್‌ಡ್ರೈವ್‌ಗೆ ತಂದು ಸೇಫ್ ಮೋಡ್‌ನಲ್ಲಿ ಓಡಿಸಿ. ಕಂಟ್ರೋಲ್ ಪ್ಯಾನೆಲ್‌ನಿಂದ ತೆಗೆದರೆ ಫಿಲ್ಟರ್ ಡ್ರೈವರ್ ಉಳಿದುಬಿಡುವ ಸಾಧ್ಯತೆ ಇದೆ. ರೀಸ್ಟಾರ್ಟ್ ಆದ ಮೇಲೆ ‘ನೆಟ್‌ಶ್ ವಿನ್‌ಸಾಕ್ ರೀಸೆಟ್’, ‘ನೆಟ್‌ಶ್ ಇಂಟ್ ಐಪಿ ರೀಸೆಟ್’, ‘ಐಪಿಕಾನ್ಫಿಗ್ /ಫ್ಲಶ್‌ಡಿಎನ್‌ಎಸ್’ ಕೊಟ್ಟು ಮತ್ತೊಮ್ಮೆ ರೀಸ್ಟಾರ್ಟ್. ಪ್ರಾಕ್ಸಿ ಪುಟದಲ್ಲಿ 127.0.0.1 ಉಳಿದಿದ್ದರೆ ಆಫ್ ಮಾಡಿ. ಆಗಲೂ ಆಗದಿದ್ದರೆ ಮಾತ್ರ ಸೆಟ್ಟಿಂಗ್ಸ್‌ನ ‘ನೆಟ್‌ವರ್ಕ್ ರೀಸೆಟ್’. ಅದು ಎಲ್ಲಾ ಅಡಾಪ್ಟರ್ ಕಿತ್ತು ಮತ್ತೆ ಹಾಕುತ್ತದೆ, ವೈಫೈ ಪಾಸ್‌ವರ್ಡ್‌ಗಳೂ ಹೋಗುತ್ತವೆ.

ನೆಟ್ ಬಂತು, ಆದರೆ ಪ್ರಿಂಟರ್ ಮತ್ತು ಹಂಚಿದ ಫೋಲ್ಡರ್ ಕಾಣುತ್ತಿಲ್ಲ ಎಂದರೆ ವಿಂಡೋಸ್ ಇದನ್ನು ಹೊಸ ನೆಟ್‌ವರ್ಕ್ ಎಂದುಕೊಂಡು ‘ಪಬ್ಲಿಕ್’ ಮಾಡಿರುತ್ತದೆ. ‘ಪ್ರೈವೇಟ್’ಗೆ ಬದಲಿಸಿ.

ಡಿಫೆಂಡರ್‌ನದೇ ಅಪ್‌ಡೇಟ್ ಕಿರಿಕ್ ಮಾಡಿದರೆ ಕೆಲಸ ಸುಲಭ. 4.18 ಫೋಲ್ಡರಿನೊಳಗಿರುವ ‘ಎಂಪಿಸಿಎಂಡಿರನ್’ ಎಂಬ ಪ್ರೋಗ್ರಾಂಗೆ ‘-ರಿಮೂವ್‌ಡೆಫಿನಿಶನ್ಸ್ -ಆಲ್’ ಕೊಟ್ಟರೆ ಹಿಂದಿನ ಸಿಗ್ನೇಚರ್‌ಗೆ ಮರಳುತ್ತದೆ, ‘-ರಿವರ್ಟ್‌ಪ್ಲಾಟ್‌ಫಾರಂ’ ಕೊಟ್ಟರೆ ಹಿಂದಿನ ಪ್ಲಾಟ್‌ಫಾರಂಗೆ. ಸರಿಹೋದ ಮೇಲೆ ‘-ಸಿಗ್ನೇಚರ್‌ಅಪ್‌ಡೇಟ್’ ಕೊಟ್ಟು ಹೊಸದು ತರಿಸಿ. ಒಂದು ಕಂಪ್ಯೂಟರನ್ನು ಬಲಿಪಶುವಾಗಿ ಮುಂದಿಟ್ಟು, ಮಿಕ್ಕವನ್ನು ತಡವಾಗಿ ಅಪ್‌ಡೇಟ್ ಮಾಡಿಸುವ ಅನುಕೂಲವೂ ಇದೆ: ‘ಸೆಟ್-ಎಂಪಿಪ್ರಿಫರೆನ್ಸ್’ನಲ್ಲಿ ಪ್ಲಾಟ್‌ಫಾರಂ ಮತ್ತು ಎಂಜಿನ್‌ನ ಚಾನೆಲ್ ಅನ್ನು ‘ಬ್ರಾಡ್’ ಎಂದಿಟ್ಟರೆ ಬೇರೆಯವರಿಗೆಲ್ಲ ಹೋಗಿ ಮುಗಿದ ಮೇಲೆ ನಿಮಗೆ ಬರುತ್ತದೆ. ಇಷ್ಟು ಒಳ್ಳೆಯ ಸೌಲಭ್ಯವನ್ನು ಪವರ್‌ಶೆಲ್ ಮತ್ತು ಪಾಲಿಸಿಗಳ ಹಿಂದೆ ಬಚ್ಚಿಟ್ಟಿರುವುದಕ್ಕೆ ಅಂಕ ಕಳೆಯಲೇಬೇಕು.

ಯಾರಿಗೆ ಹೊಂದುವುದಿಲ್ಲ? ಎಲ್ಲಾ ಕಂಪ್ಯೂಟರಿನ ಸ್ಥಿತಿ ಒಂದೇ ಪರದೆಯಲ್ಲಿ ಕಾಣಬೇಕು ಎನ್ನುವ ದೊಡ್ಡ ಶಾಲೆಗೆ ಉಚಿತ ಡಿಫೆಂಡರ್ ಒಂದೇ ಸಾಲದು, ಅದರಲ್ಲಿ ಅಂಥ ಕನ್ಸೋಲ್ ಇಲ್ಲ. ವಿಂಡೋಸ್ 7 ಉಳಿದಿರುವ ಲ್ಯಾಬ್‌ಗೂ ಇದು ಆಗದು, ಆ ಕಾಲದ ಡಿಫೆಂಡರ್ ಸ್ಪೈವೇರ್ ಮಾತ್ರ ಹಿಡಿಯುತ್ತಿತ್ತು. ಪೂರ್ಣ ಆಂಟಿವೈರಸ್ ಆದದ್ದು ವಿಂಡೋಸ್ 8ರಿಂದ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಡಿಫೆಂಡರ್‌ನ ಸಿಗ್ನೇಚರ್ ಅದಕ್ಕೆ 2028ರ ಅಕ್ಟೋಬರ್‌ವರೆಗೆ ಕೊಡುವುದಾಗಿ ಮೈಕ್ರೋಸಾಫ್ಟ್ ಹೇಳಿದೆ, ಆದರೆ ವಿಂಡೋಸ್‌ನ ತೂತುಗಳನ್ನು ಸಿಗ್ನೇಚರ್ ಮುಚ್ಚುವುದಿಲ್ಲ. ಇನ್ನು 4 ಜಿಬಿ ರ್‍ಯಾಮ್, ತಿರುಗುವ ಹಾರ್ಡ್ ಡಿಸ್ಕ್ ಇರುವ ಕಂಪ್ಯೂಟರ್‌ಗಳಿಗೆ ಸ್ಕ್ಯಾನ್‌ನ ಸಿಪಿಯು ಮಿತಿಯನ್ನು ‘ಸ್ಕ್ಯಾನ್‌ಎವಿಜಿಸಿಪಿಯುಲೋಡ್‌ಫ್ಯಾಕ್ಟರ್’ನಲ್ಲಿ 50ರಿಂದ 20ಕ್ಕೆ ಇಳಿಸಬಹುದು, ತುಸು ಉಸಿರಾಡುತ್ತವೆ. ಡಿಸ್ಕ್ ಮಾತ್ರ ಅದೇ ಇರುತ್ತದೆ. ಆಂಟಿವೈರಸ್ ಲೈಸೆನ್ಸ್‌ಗೆಂದು ಶಾಲೆ ಎತ್ತಿಟ್ಟ ಹಣ ಇದ್ದರೆ ಅದರಲ್ಲಿ ಮೊದಲು ಎಸ್‌ಎಸ್‌ಡಿ ಹಾಕಿಸಿ.